ಹಂದಿ ಸಾಕಣೆ: ರೋಗ ಗೇಟು ದಾಟುವ ಮೊದಲೇ ಮಾಡಬೇಕಾದ ಕೆಲಸ

ಹಂದಿಗೆ ಹುಷಾರಿಲ್ಲ ಅಂತ ಮೊದಲು ಗೊತ್ತಾಗುವುದು ಫೀಡ್ ತೊಟ್ಟಿಯ ಹತ್ತಿರ. ಬಕೆಟ್ ಸದ್ದಾದರೆ ಸಾಕು, ಒಂದರ ಮೇಲೊಂದು ಬಿದ್ದು ಓಡಿ ಬರುವ ಪ್ರಾಣಿ ಅದು. ಹಾಗಿದ್ದೂ ಒಂದು ಹಂದಿ ಮೂಲೆಯಲ್ಲೇ ಮಲಗಿದ್ದರೆ, ಎದ್ದು ಬಂದು ಮೂಸಿ ವಾಪಸ್ ಹೋದರೆ, ಆ ದಿನದ ಬೇರೆಲ್ಲ ಕೆಲಸ ಆಮೇಲೆ. ಮೊದಲು ಆ ಹಂದಿಯನ್ನು ನೋಡಿ.

ಈ ಲೇಖನ ಹತ್ತಿಪ್ಪತ್ತು ಹಂದಿ ಇಟ್ಟುಕೊಂಡಿರುವವರಿಗೆ, ಈಗಷ್ಟೇ ಶೆಡ್ ಕಟ್ಟಲು ಹೊರಟವರಿಗೆ. ಹಂದಿಯ ದೊಡ್ಡ ರೋಗಗಳಿಗೆ ಔಷಧಿ ಇಲ್ಲ. ಔಷಧಿ ಇರುವ ರೋಗಗಳೂ ನಾವು ಗಮನಿಸುವಷ್ಟರಲ್ಲಿ ಅರ್ಧ ದುಡ್ಡು ತಿಂದಿರುತ್ತವೆ. ಹಾಗಾಗಿ ಈ ಕಸುಬಿನಲ್ಲಿ ಗೆಲ್ಲುವುದು ಚೆನ್ನಾಗಿ ಚಿಕಿತ್ಸೆ ಕೊಡಿಸುವವರಲ್ಲ, ರೋಗವನ್ನು ಒಳಗೆ ಬಿಡದವರು. ಕೆಳಗೆ ಬರೆದಿರುವುದರಲ್ಲಿ ಜಾಸ್ತಿ ಭಾಗ ಅದರ ಬಗ್ಗೆಯೇ ಇದೆ.

ದಿನಕ್ಕೆ ಎರಡು ಸಲ, ಐದೈದು ನಿಮಿಷ

ಶೆಡ್ಡಿನಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರೇ ಸಾಕು. ಅದರ ಹಿಂದಿನ ತುದಿಗೆ ಒಂದು ದಾರ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಹಂದಿ ಕೊಸರಿಕೊಂಡಾಗ ಕೈತಪ್ಪಿ ಹೋಗುತ್ತದೆ. ಮುಂದಿನ ತುದಿಗೆ ಸ್ವಲ್ಪ ಎಣ್ಣೆ ಸವರಿ ಗುದದ್ವಾರದಲ್ಲಿ ಇಟ್ಟು ನೋಡಬೇಕು. ಆರೋಗ್ಯವಾಗಿರುವ ಹಂದಿಯ ಮೈ ಶಾಖ ಸುಮಾರು 101.5ರಿಂದ 103 ಡಿಗ್ರಿ ಫ್ಯಾರನ್‌ಹೀಟ್. ಬೆಳಿಗ್ಗೆ ತಂಪು ಹೊತ್ತಿನಲ್ಲೇ 104 ದಾಟಿದರೆ ಅದು ಜ್ವರ. ಮಧ್ಯಾಹ್ನದ ಬಿಸಿಲಿನಲ್ಲಿ ಅಳೆದ ಲೆಕ್ಕ ನಂಬಬೇಡಿ. ಹಂದಿಗೆ ನಮ್ಮ ಹಾಗೆ ಬೆವರುವುದಿಲ್ಲ, ಶೀಟಿನ ಕೆಳಗೆ ಕುದಿಯುತ್ತಿದ್ದರೆ ಅದರ ಶಾಖ ಏರಿಯೇ ಇರುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಮೊದಲು ನೆರಳು, ಗಾಳಿ, ಮೈಮೇಲೆ ನೀರು. ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ.

ಥರ್ಮಾಮೀಟರ್ ಇಡುವಾಗಲೇ ಕಿವಿಯ ತುದಿ, ಹೊಟ್ಟೆಯ ಕೆಳಗಿನ ಚರ್ಮ, ತೊಡೆ ಸಂದು ನೋಡಿ. ಬಿಳಿ ಯಾರ್ಕ್‌ಶೈರ್ ಹಂದಿಯಲ್ಲಿ ಕೆಂಪು, ನೀಲಿ ಬಣ್ಣ ತಕ್ಷಣ ಕಾಣುತ್ತದೆ. ಕಪ್ಪು ನಾಟಿ ಹಂದಿಯಲ್ಲಿ ಕಾಣುವುದಿಲ್ಲ, ಅಲ್ಲಿ ಕಣ್ಣಂಚು, ಒಸಡು ನೋಡಬೇಕು. ಸಗಣಿ ಗಟ್ಟಿಯೋ ನೀರೋ, ನಡಿಗೆ ನೇರವೋ ತೂರಾಟವೋ, ಕೆಮ್ಮು ಇದೆಯೋ. ಇಷ್ಟನ್ನು ತಾರೀಕು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಡಾಕ್ಟರು ಬಂದಾಗ ಕೇಳುವ ಮೊದಲ ಪ್ರಶ್ನೆ ‘ಯಾವತ್ತಿಂದ?’ ಅಂತ. ಅದಕ್ಕೆ ಸರಿಯಾದ ಉತ್ತರ ಇದ್ದರೆ ಅರ್ಧ ದಾರಿ ಸಾಗಿದ ಹಾಗೆ.

ಎರಡು ಹಂದಿ ಜ್ವರ, ಬೇರೆ ಬೇರೆ ರೋಗ

ನಮ್ಮಲ್ಲಿ ಹಂದಿ ಜ್ವರ ಅಂತ ಒಂದೇ ಹೆಸರಿನಲ್ಲಿ ಕರೆಯುವುದು ಎರಡು ರೋಗಗಳನ್ನು. ಒಂದು ಹಳೆಯದು, ಕ್ಲಾಸಿಕಲ್ ಸ್ವೈನ್ ಫೀವರ್. ಅದಕ್ಕೆ ಲಸಿಕೆ ಇದೆ. ಇನ್ನೊಂದು ಆಫ್ರಿಕನ್ ಹಂದಿ ಜ್ವರ. ಅದಕ್ಕೆ ನಮ್ಮ ರೈತರ ಕೈಗೆ ಸಿಗುವ ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ಎರಡೂ ವೈರಸ್ಸೇ, ಆದರೆ ಒಂದಕ್ಕೊಂದು ಸಂಬಂಧ ಇಲ್ಲ. ಒಂದರ ಲಸಿಕೆ ಹಾಕಿಸಿದರೆ ಇನ್ನೊಂದು ತಡೆಯುವುದಿಲ್ಲ. ಹಳೆ ಜ್ವರದ ಲಸಿಕೆ ಹಾಕಿಸಿ ‘ನಮ್ಮ ಹಂದಿಗಳಿಗೆ ಏನೂ ಆಗಲ್ಲ’ ಅಂತ ನೆಮ್ಮದಿಯಾಗಿರುವವರು ಎಷ್ಟೋ ಜನ ಇದ್ದಾರೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಆಫ್ರಿಕನ್ ಹಂದಿ ಜ್ವರವನ್ನು 1921ರಲ್ಲಿ ಕೀನ್ಯಾದಲ್ಲಿ ಮೊದಲು ವಿವರಿಸಿದರು. ಭಾರತದಲ್ಲಿ 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶದಲ್ಲಿ ಮೊದಲ ಸಲ ಖಚಿತವಾಯಿತು. 2022ರ ಜುಲೈನಲ್ಲಿ ವಯನಾಡಿನ ಮಾನಂತವಾಡಿಗೆ ಬಂತು. ಅಂದರೆ ಕೊಡಗು, ಎಚ್.ಡಿ. ಕೋಟೆಯ ಪಕ್ಕಕ್ಕೇ ಬಂತು. ಇನ್ನು ಅದು ಈಶಾನ್ಯದ ಕಡೆಯ ರೋಗ ಅಂತ ಸುಮ್ನೆ ಕೂರುವ ಹಾಗಿಲ್ಲ.

ಲಕ್ಷಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಜೋರು ಜ್ವರ, ತಿನ್ನುವುದು ಬಿಡುವುದು, ಒಂದರ ಮೈಮೇಲೊಂದು ಗುಂಪಾಗಿ ಮಲಗುವುದು. ಕಿವಿ, ಹೊಟ್ಟೆ, ಕಾಲು ಕೆಂಪಾಗಿ ಆಮೇಲೆ ನೀಲಿಗಟ್ಟುವುದು. ಹಿಂಗಾಲು ತೂರಾಡುವುದು, ಗಬ್ಬ ಹೋಗುವುದು, ಕೆಲವೊಮ್ಮೆ ರಕ್ತಭೇದಿ. ಹಳೆ ಜ್ವರದಲ್ಲಿ ಮೊದಲು ಮಲಬದ್ಧತೆ ಆಗಿ ಆಮೇಲೆ ಹಳದಿ ಭೇದಿ ಶುರುವಾಗುವುದು, ಕಣ್ಣಿನಲ್ಲಿ ಪಿಸುರು ಕಟ್ಟುವುದು ಸಾಮಾನ್ಯ. ಆಫ್ರಿಕನ್ ಜ್ವರದಲ್ಲಿ ಕೆಲವು ಹಂದಿಗಳು ಯಾವ ಲಕ್ಷಣವನ್ನೂ ತೋರಿಸದೆ ಸತ್ತು ಬಿದ್ದಿರುತ್ತವೆ, ಹಿಂಡಿಗೆ ಹಿಂಡೇ ಹೋಗಬಹುದು. ಆದರೆ ಕಣ್ಣಳತೆಯಲ್ಲಿ ಇದು ಆ ಜ್ವರ, ಅದು ಈ ಜ್ವರ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ, ಅನುಭವಿ ಡಾಕ್ಟರಿಂದಲೂ. ರಕ್ತದ ಸ್ಯಾಂಪಲ್ ಲ್ಯಾಬಿಗೆ ಹೋಗಲೇಬೇಕು. ಆಫ್ರಿಕನ್ ಜ್ವರದ ಅಂತಿಮ ಖಚಿತತೆ ಸಿಗುವುದು ಭೋಪಾಲ್‌ನ ರಾಷ್ಟ್ರೀಯ ಪ್ರಯೋಗಾಲಯದಿಂದ.

ಈ ಎರಡೂ ಜ್ವರ ಮನುಷ್ಯರಿಗೆ ಬರುವುದಿಲ್ಲ. 2009ರಲ್ಲಿ ಎಚ್1ಎನ್1 ಬಂದಾಗ ‘ಹಂದಿ ಜ್ವರ’ ಅಂತ ಹೆಸರು ಅಂಟಿಕೊಂಡು ಗೊಂದಲವಾಗಿದೆ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡಿದ ಫ್ಲೂ. ಅಕ್ಕಪಕ್ಕದ ಮನೆಯವರು ಹೆದರಿ ಜಗಳಕ್ಕೆ ಬಂದರೆ ಇದನ್ನು ಸಮಾಧಾನವಾಗಿ ತಿಳಿಸಿ ಹೇಳಿ.

ಗೇಟು

ರೋಗ ಶೆಡ್ಡಿಗೆ ಬರುವ ಮುಖ್ಯ ದಾರಿ ನಾಲ್ಕು: ಹೊಸ ಹಂದಿ, ಜನರ ಕಾಲು, ಗಾಡಿಯ ಚಕ್ರ, ಮತ್ತು ಹೊರಗಿನ ಮುಸುರೆ.

ಹೊಸ ಹಂದಿ ತಂದರೆ ಕನಿಷ್ಠ 30 ದಿನ ಬೇರೆ ಇಡಿ. ಆಫ್ರಿಕನ್ ಜ್ವರದ ವೈರಸ್ ಮೈಗೆ ಸೇರಿದ ಮೇಲೆ ಲಕ್ಷಣ ಕಾಣಲು 4ರಿಂದ 19 ದಿನ ಬೇಕು. ಸಂತೆಯಲ್ಲಿ ಚುರುಕಾಗಿ ಓಡಾಡುತ್ತಿದ್ದ ಹಂದಿಯ ಒಳಗೇ ರೋಗ ಇರಬಹುದು. ಬೇರೆ ಇಡುವುದು ಅಂದರೆ ಅದೇ ಶೆಡ್ಡಿನ ಪಕ್ಕದ ಕೋಣೆ ಅಲ್ಲ. ನೀರು ಅತ್ತಿಂದಿತ್ತ ಹರಿಯದ, ದೂರದ ಜಾಗ. ಬಕೆಟ್, ಪೊರಕೆ, ಚಪ್ಪಲಿ ಎಲ್ಲ ಬೇರೆ. ಹಳೆ ಹಂದಿಗಳ ಕೆಲಸ ಮುಗಿಸಿದ ಮೇಲೆಯೇ ಹೊಸ ಹಂದಿಯ ಕಡೆ ಹೋಗಬೇಕು, ತಿರುಗಾಮುರುಗಾ ಅಲ್ಲ. ಹೆಣ್ಣು ಹಂದಿಯನ್ನು ಗಂಡಿಗೆ ಬಿಡಿಸಲು ಬೇರೆಯವರ ಶೆಡ್ಡಿಗೆ ಕರೆದುಕೊಂಡು ಹೋಗಿ ಬಂದರೂ ಅದು ಹೊಸ ಹಂದಿಯ ಲೆಕ್ಕವೇ.

ಶೆಡ್ಡಿಗೆ ಅಂತಲೇ ಒಂದು ಜೊತೆ ಗಂಬೂಟು ಇಟ್ಟುಬಿಡಿ, ಅದು ಗೇಟು ದಾಟಿ ಹೊರಗೆ ಹೋಗಬಾರದು. ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ ಕಟ್ಟಿಸಿ ಎರಡು ಪರ್ಸೆಂಟ್ ಕಾಸ್ಟಿಕ್ ಸೋಡಾ ನೀರು ಹಾಕಿ, ಅಂದರೆ ಹತ್ತು ಲೀಟರಿಗೆ 200 ಗ್ರಾಂ. ಕೈಗೆ ಗ್ಲೌಸ್ ಇರಲಿ, ಅದು ಚರ್ಮ ಸುಡುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಬಹಳ ಕಡೆ ಈ ತೊಟ್ಟಿ ಹೆಸರಿಗೆ ಮಾತ್ರ ಇರುತ್ತದೆ: ಎಲೆ, ಮಣ್ಣು, ಸಗಣಿ ತುಂಬಿದ ಕಪ್ಪು ನೀರು. ಆ ನೀರಿನಲ್ಲಿ ಔಷಧಿಗೆ ಶಕ್ತಿಯೇ ಇರುವುದಿಲ್ಲ. ಬೂಟನ್ನು ಮೊದಲು ಬ್ರಷ್ ಹಾಕಿ ತೊಳೆದು ಆಮೇಲೆ ಅದ್ದಬೇಕು, ನೀರು ಕೊಳೆಯಾದ ಕೂಡಲೇ ಬದಲಿಸಬೇಕು.

ಖರೀದಿಗೆ ಬರುವ ವ್ಯಾಪಾರಿಯನ್ನು ಶೆಡ್ಡಿನ ಒಳಗೆ ಬಿಡಲೇಬೇಡಿ. ನಿಮ್ಮ ಶೆಡ್ಡಿಗೆ ಬರುವ ಮೊದಲು ಅವರು ಬೇರೆ ಯಾರದೋ ಹಂದಿ ನೋಡಿಕೊಂಡೇ ಬಂದಿರುತ್ತಾರೆ. ಮಾರುವ ಹಂದಿಯನ್ನು ನೀವೇ ಗೇಟಿನವರೆಗೆ ತನ್ನಿ, ಗಾಡಿ ರಸ್ತೆಯಲ್ಲೇ ನಿಲ್ಲಲಿ. ‘ಇಷ್ಟು ವರ್ಷದ ಪರಿಚಯ, ಒಳಗೆ ಬರಬೇಡಿ ಅಂತ ಹೇಗೆ ಹೇಳೋದು ಅಣ್ಣ?’ ಅನ್ನುತ್ತಾರೆ ಕೆಲವರು. ಹೇಳಲೇಬೇಕು. ಒಂದು ಬೋರ್ಡ್ ಬರೆಸಿ ಹಾಕಿದರೆ ನೀವು ಬಾಯಿಬಿಟ್ಟು ಹೇಳುವ ಮುಜುಗರ ತಪ್ಪುತ್ತದೆ.

ಮಲೆನಾಡು, ಕೊಡಗಿನ ಕಡೆಯವರಿಗೆ ಕಾಡುಹಂದಿಯ ಚಿಂತೆಯೂ ಇದೆ. ಈ ಎರಡೂ ಜ್ವರ ಕಾಡುಹಂದಿಗೂ ಬರುತ್ತದೆ. ಶೆಡ್ ಸುತ್ತ ಬೇಲಿ ಗಟ್ಟಿ ಇರಲಿ. ತೋಟದಲ್ಲಿ ಸತ್ತ ಕಾಡುಹಂದಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೂ ಪಶು ಆಸ್ಪತ್ರೆಗೂ ತಿಳಿಸಿ.

ಹೋಟೆಲ್ ಮುಸುರೆ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ನಮ್ಮ ಸಣ್ಣ ಸಾಕಣೆದಾರರ ಲಾಭ ನಿಂತಿರುವುದೇ ಹೋಟೆಲ್, ಹಾಸ್ಟೆಲ್, ಛತ್ರಗಳ ಮುಸುರೆಯ ಮೇಲೆ. ಕಂಪನಿ ಫೀಡ್ ಹಾಕಿ ಎಂದು ಹೇಳುವುದು ಸುಲಭ, ಹಾಕಿದರೆ ಉಳಿಯುವುದೇನು ಅಂತ ಸಾಕುವವರಿಗೇ ಗೊತ್ತು. ಆದರೆ ರೋಗ ಬರುವ ದೊಡ್ಡ ಬಾಗಿಲೂ ಅದೇ. ರೋಗದ ಹಂದಿಯ ಮಾಂಸದ ಚೂರು, ಮೂಳೆ, ತೊಳೆದ ನೀರು ಆ ಡ್ರಮ್ಮಿನಲ್ಲಿ ಇರಬಹುದು. ಆಫ್ರಿಕನ್ ಜ್ವರದ ವೈರಸ್ ಫ್ರೀಜರಿನ ಮಾಂಸದಲ್ಲಿ ವರ್ಷಗಟ್ಟಲೆ, ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆದರೆ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.

ಹಾಗಾಗಿ ಮುಸುರೆ ಹಾಕಲೇಬೇಕು ಅನ್ನುವವರು ಹೀಗೆ ಮಾಡಿ. ಹಂದಿ ಮಾಂಸ ಮಾರುವ, ಬಡಿಸುವ ಜಾಗದ ಮುಸುರೆ ಬೇಡವೇ ಬೇಡ. ಸಸ್ಯಾಹಾರಿ ಹೋಟೆಲಿನದ್ದು ಸಿಕ್ಕರೆ ಅದೇ ಒಳ್ಳೆಯದು. ಮೊದಲು ಪ್ಲಾಸ್ಟಿಕ್, ಟೂತ್‌ಪಿಕ್, ಮೂಳೆ ಆರಿಸಿ ತೆಗೆಯಿರಿ. ಬಳಿಕ ಅರ್ಧ ಡ್ರಮ್ಮಿನಷ್ಟು ಮಾತ್ರ ತುಂಬಿ ಒಲೆಯ ಮೇಲಿಡಿ. ತುಂಬಾ ಹಾಕಿದರೆ ಮೇಲೆ ಕುದಿಯುತ್ತದೆ, ನಡುವಿನ ಗಟ್ಟಿ ಅನ್ನದ ಉಂಡೆ ತಣ್ಣಗೇ ಉಳಿಯುತ್ತದೆ. ಉದ್ದ ಕೋಲಿನಲ್ಲಿ ತಳ ಮುಟ್ಟುವ ಹಾಗೆ ತಿರುವುತ್ತಾ, ಕುದಿ ಬಂದ ಮೇಲೂ ಪೂರ್ತಿ ಒಂದು ಗಂಟೆ ಬೇಯಿಸಿ. ಹಸಿ ಮುಸುರೆ ತಂದ ಡ್ರಮ್ಮಿಗೆ ಕೆಂಪು ಬಣ್ಣ ಬಳಿದಿಡಿ, ಬೆಂದದ್ದನ್ನು ಅದಕ್ಕೆ ವಾಪಸ್ ಸುರಿಯಬೇಡಿ. ಒಂದು ಗಂಟೆ ಸೌದೆ ಉರಿಸಿ ಕೊನೆಗೆ ಅದೇ ಗಲೀಜು ಡ್ರಮ್ಮಿಗೆ ಹಾಕಿದರೆ ಬೇಯಿಸಿದ್ದೆಲ್ಲ ವ್ಯರ್ಥ. ನಿಮ್ಮ ಸುತ್ತಮುತ್ತ ರೋಗ ಬಂದ ಸುದ್ದಿ ಇದ್ದರೆ ಮುಸುರೆ ತರುವುದನ್ನೇ ನಿಲ್ಲಿಸಿ.

ಮುಸುರೆಯಿಂದ ಇನ್ನೊಂದು ಅಪಾಯ ಉಪ್ಪು. ಉಪ್ಪಿನಕಾಯಿ, ಸಾಂಬಾರು, ಹಪ್ಪಳ ಎಲ್ಲ ಅದರಲ್ಲೇ ಇರುತ್ತದೆ. ಕುಡಿಯಲು ನೀರು ಸಾಕಷ್ಟಿದ್ದರೆ ಹಂದಿ ತಡೆದುಕೊಳ್ಳುತ್ತದೆ. ಬೋರ್ ಮೋಟರ್ ಕೆಟ್ಟು ಒಂದು ದಿನ ನೀರು ನಿಂತರೆ ವಿಷವಾಗುತ್ತದೆ. ಹಂದಿ ಕಣ್ಣು ಕಾಣದ ಹಾಗೆ ಅಲೆಯುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಫಿಟ್ಸ್ ಬಂದು ಒದ್ದಾಡುತ್ತದೆ. ಆಗ ಗಾಬರಿಯಲ್ಲಿ ಒಮ್ಮೆಲೇ ತೊಟ್ಟಿ ತುಂಬ ನೀರು ಬಿಟ್ಟರೆ ಇನ್ನೂ ಕೆಡುತ್ತದೆ. ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಡಿ, ಡಾಕ್ಟರಿಗೆ ಫೋನ್ ಮಾಡಿ.

ಲಸಿಕೆ

ಹಳೆ ಹಂದಿ ಜ್ವರದ ಲಸಿಕೆಯನ್ನು ಮರಿಗೆ ಸುಮಾರು ಎರಡು ತಿಂಗಳಾದಾಗ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ. ಮೊದಲು ಈ ಲಸಿಕೆಯನ್ನು ಮೊಲದ ಮೈಯಲ್ಲಿ ಬೆಳೆಸಿ ತಯಾರಿಸುತ್ತಿದ್ದರು, ಒಂದು ಮೊಲದಿಂದ ಸುಮಾರು 50 ಡೋಸ್ ಮಾತ್ರ ಬರುತ್ತಿತ್ತು. ಅದಕ್ಕೇ ಸದಾ ಕೊರತೆ. 2020ರಲ್ಲಿ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಲ್ಯಾಬಿನ ಜೀವಕೋಶಗಳಲ್ಲಿ ಬೆಳೆಸುವ ದೇಶಿ ಲಸಿಕೆ ತಂದಿತು. ಗಬ್ಬದ ಹಂದಿಗೆ ಹಾಕಿಸುವ ಮುನ್ನ ಡಾಕ್ಟರನ್ನು ಕೇಳಿ, ಗಂಡಿಗೆ ಬಿಡುವ ಮೊದಲೇ ಹಾಕಿಸಿಬಿಡುವುದು ಒಳ್ಳೆಯದು.

ಕಾಲುಬಾಯಿ ಜ್ವರ ದನಕ್ಕೆ ಮಾತ್ರ ಅಂತ ಅಂದುಕೊಳ್ಳಬೇಡಿ. ಹಂದಿಯಲ್ಲಿ ಗೊರಸಿನ ಮೇಲಂಚಿನಲ್ಲಿ, ಮೂತಿಯ ಮೇಲೆ ಗುಳ್ಳೆ ಏಳುತ್ತದೆ. ಇದ್ದಕ್ಕಿದ್ದ ಹಾಗೆ ಹಲವು ಹಂದಿಗಳು ಕುಂಟತೊಡಗುತ್ತವೆ, ಗೊರಸೇ ಕಳಚಬಹುದು. ಹಾಲು ಕುಡಿಯುವ ಮರಿಗಳು ಹೃದಯಕ್ಕೆ ಪೆಟ್ಟು ಬಿದ್ದು ಸಾಯುತ್ತವೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮದಲ್ಲಿ ಹಂದಿಯೂ ಸೇರಿದೆ. ಊರಿಗೆ ದನದ ಲಸಿಕೆಗೆ ಬಂದವರಿಗೆ ನಿಮ್ಮ ಹಂದಿಗಳನ್ನೂ ತೋರಿಸಿ. ಲಸಿಕೆ ಯಾವುದೇ ಇರಲಿ, ಐಸ್ ಬಾಕ್ಸಿನಿಂದ ತೆಗೆದು ಬಿಸಿಲಲ್ಲಿ ಇಟ್ಟಿದ್ದರೆ ಅದನ್ನು ಹಾಕಿಸಬೇಡಿ.

ಮರಿಗಳ ಮೊದಲ ಹದಿನೈದು ದಿನ

ದೊಡ್ಡ ರೋಗಗಳ ಸುದ್ದಿ ಪೇಪರಿನಲ್ಲಿ ಬರುತ್ತದೆ. ಸುದ್ದಿಯಾಗದೆ ದುಡ್ಡು ಹೋಗುವುದು ಇಲ್ಲಿ. ಹನ್ನೆರಡು ಮರಿ ಈದ ಹಂದಿಯ ಹತ್ತಿರ ತಿಂಗಳಾದ ಮೇಲೆ ಆರೇ ಮರಿ ಉಳಿದರೆ ವರ್ಷದ ಲಾಭ ಅಲ್ಲಿಗೇ ಮುಗಿಯಿತು, ಅಲ್ವಾ?

ಹುಟ್ಟಿದ ಮರಿಗೆ ಮೈಮೇಲೆ ಕೊಬ್ಬಿಲ್ಲ, ಚಳಿ ತಡೆಯುವುದಿಲ್ಲ. ಮೊದಲ ದಿನಗಳಲ್ಲಿ ಅದಕ್ಕೆ 32ರಿಂದ 34 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮೂಲೆಯಲ್ಲಿ ತಾಯಿ ಬರಲಾಗದ ಹಾಗೆ ಕಂಬಿ ಹಾಕಿ, ಒಣ ಹುಲ್ಲು ಹಾಸಿ, ಬಲ್ಬ್ ಇಳಿಬಿಡಿ. ಶಾಖ ಸರಿಯಿದೆಯೋ ಅಂತ ಮರಿಗಳೇ ತೋರಿಸುತ್ತವೆ: ಒಂದರ ಮೇಲೊಂದು ಗುಡ್ಡೆಯಾಗಿ ಮಲಗಿದ್ದರೆ ಚಳಿ, ಬಲ್ಬಿನಿಂದ ದೂರ ಓಡಿದ್ದರೆ ಸೆಕೆ, ಪಕ್ಕಪಕ್ಕ ಕಾಲು ಚಾಚಿ ಮಲಗಿದ್ದರೆ ಹದ. ಗಿಣ್ಣುಹಾಲು ಹುಟ್ಟಿದ ಆರು ಗಂಟೆಯೊಳಗೆ ಪ್ರತಿ ಮರಿಯ ಹೊಟ್ಟೆಗೂ ಹೋಗಬೇಕು. ಒಂದು ದಿನ ಕಳೆದ ಮೇಲೆ ಅದರ ರೋಗನಿರೋಧಕ ಶಕ್ತಿ ಮರಿಯ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಮರಿಯನ್ನು ನೀವೇ ಎತ್ತಿ ಮುಂದಿನ ಮೊಲೆಗೆ ಹಿಡಿಯಿರಿ, ಅಲ್ಲಿ ಹಾಲು ಜಾಸ್ತಿ.

ಮೂರನೇ ದಿನ ಕಬ್ಬಿಣದ ಇಂಜೆಕ್ಷನ್. ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಕಬ್ಬಿಣ ಬೇಕು, ತಾಯಿ ಹಾಲಿನಲ್ಲಿ ಸಿಗುವುದು ಒಂದೇ ಮಿಲಿಗ್ರಾಂ. ಮಣ್ಣಿನಲ್ಲಿ ಮೂತಿ ಹಾಕಿ ಕೆದಕುವ ಮರಿಗೆ ಮಣ್ಣಿನಿಂದ ಸ್ವಲ್ಪ ಸಿಗುತ್ತದೆ. ಸಿಮೆಂಟ್ ನೆಲದ ಮರಿಗೆ ಎಲ್ಲಿಂದ ಬರಬೇಕು? ಎರಡನೇ ವಾರಕ್ಕೆ ಕಿವಿ ಬಿಳಿಚಿಕೊಳ್ಳುತ್ತದೆ, ರೋಮ ಒರಟಾಗುತ್ತದೆ, ಓಡಿದರೆ ಉಬ್ಬಸ, ಮೇಲೆ ಭೇದಿ. ಐರನ್ ಡೆಕ್ಸ್‌ಟ್ರಾನ್ 200 ಮಿಲಿಗ್ರಾಂ ಸಾಮಾನ್ಯ ಡೋಸ್. ಬಾಟಲಿಗಳಲ್ಲಿ ಒಂದು ಎಂಎಲ್‌ಗೆ 100 ಇರುವುದೂ ಉಂಟು, 200 ಇರುವುದೂ ಉಂಟು. ಲೇಬಲ್ ಓದದೆ ಹಾಕಬೇಡಿ. ಕುತ್ತಿಗೆಯ ಪಕ್ಕ, ಕಿವಿಯ ಹಿಂದಿನ ಮಾಂಸಕ್ಕೆ ಹಾಕಬೇಕು. ಸೂಜಿ ಚುಚ್ಚುವ ಮೊದಲು ಚರ್ಮವನ್ನು ಹೆಬ್ಬೆರಳಿನಲ್ಲಿ ಸ್ವಲ್ಪ ಪಕ್ಕಕ್ಕೆ ಎಳೆದು ಹಿಡಿದು, ಸೂಜಿ ತೆಗೆದ ಮೇಲೆ ಬಿಟ್ಟರೆ ಔಷಧಿ ಹೊರಗೆ ಸೋರುವುದಿಲ್ಲ. ತೊಡೆಗೆ ಹಾಕಿದರೆ ಒಳ್ಳೆ ಮಾಂಸದ ಭಾಗದಲ್ಲೇ ಕಂದು ಕಲೆ ಉಳಿಯುತ್ತದೆ.

ಬಿಳಿ ಅಥವಾ ಹಳದಿ ನೀರುಭೇದಿ ಈ ವಯಸ್ಸಿನಲ್ಲಿ ಬಹಳ. ಮರಿ ಸಾಯುವುದು ಜಾಸ್ತಿ ಮೈಯ ನೀರು ಆರಿ. ನಮಗೆ ಸಿಗುವ ಓಆರ್‌ಎಸ್ ಪುಡಿಯನ್ನೇ ಕಲಸಿ ಬಟ್ಟಲಲ್ಲಿ ಇಡಿ, ಕುಡಿಯದ ಮರಿಗೆ ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ನಿಧಾನವಾಗಿ ಬಿಡಿ. ಆ್ಯಂಟಿಬಯೋಟಿಕ್ ಡಾಕ್ಟರು ಹೇಳಿದ್ದು ಮಾತ್ರ. ಜೊತೆಗೆ ತಾಯಿಯ ಕೆಚ್ಚಲು ಮುಟ್ಟಿ ನೋಡಿ. ಬಿಸಿಯಾಗಿ, ಗಟ್ಟಿಯಾಗಿದ್ದರೆ ಅದಕ್ಕೆ ಕೆಚ್ಚಲು ಬಾವು. ಮರಿ ಹಸಿದು ಕಿರುಚುತ್ತಿರುವುದಕ್ಕೆ ಕಾರಣ ಅದೇ.

ಗಬ್ಬ ನಿಲ್ಲದಿದ್ದರೆ

ಮೊದಲ ಸಲ ಈಯುವ ಹಂದಿ ಒಣಗಿ ಕಪ್ಪಾದ ಮರಿ, ಸತ್ತ ಮರಿ ಹಾಕಿದರೆ ಪಾರ್ವೋ ವೈರಸ್ ಅಥವಾ ಜಪಾನೀಸ್ ಮೆದುಳು ಜ್ವರದ ಅನುಮಾನ. ಬ್ರುಸೆಲ್ಲಾ, ಇಲಿ ಮೂತ್ರದಿಂದ ಬರುವ ಲೆಪ್ಟೋ ಎಂಬ ಬ್ಯಾಕ್ಟೀರಿಯಾ ರೋಗಗಳೂ ಗಬ್ಬ ಕೆಡಿಸುತ್ತವೆ, ಇವೆರಡೂ ನಮಗೂ ಅಂಟುತ್ತವೆ. ಅವಧಿಗೆ ಮೊದಲೇ ಕಂದು ಹಾಕಿದ ಮರಿ, ಈದ ಮೇಲೆ ಬೀಳುವ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಮೆದುಳು ಜ್ವರದ ವೈರಸ್ ಹಂದಿಯ ರಕ್ತದಲ್ಲಿ ಹೇರಳವಾಗಿ ಬೆಳೆಯುತ್ತದೆ. ಗದ್ದೆ ನೀರಿನ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮಕ್ಕಳಿಗೆ ದಾಟಿಸುತ್ತದೆ. ಮಂಡ್ಯ, ಕೋಲಾರ, ಬಳ್ಳಾರಿ, ರಾಯಚೂರು ಕಡೆ ಇದು ಹೊಸದಲ್ಲ. ಶೆಡ್ ಮನೆಯಿಂದ ದೂರ ಇರಲಿ, ಸಂಜೆ ಸೊಳ್ಳೆಪರದೆ ಇರಲಿ, ಮಕ್ಕಳಿಗೆ ಮೆದುಳು ಜ್ವರದ ಲಸಿಕೆ ತಪ್ಪಿಸಬೇಡಿ.

ಇನ್ನು, ವಯಸ್ಸಿಗೆ ಬರದ ಹೆಣ್ಣು ಮರಿಗಳ ಯೋನಿ ಬೆದೆಗೆ ಬಂದಂತೆ ಊದಿಕೊಂಡರೆ ಅದು ರೋಗವಲ್ಲ, ಬೂಸ್ಟು ಹಿಡಿದ ಮೆಕ್ಕೆಜೋಳದ ವಿಷ. ಆ ಚೀಲ ಬದಲಿಸಿ.

ಕಜ್ಜಿ ಮತ್ತು ಹುಳು

ಕಿವಿಯೊಳಗೆ ಕಂದು ಹಕ್ಕಳೆ, ಸದಾ ಗೋಡೆಗೆ ಮೈ ಉಜ್ಜುವುದು ಕಜ್ಜಿಯ ಗುರುತು. ಐವರ್‌ಮೆಕ್ಟಿನ್ ಚುಚ್ಚುಮದ್ದು, 14 ದಿನ ಬಿಟ್ಟು ಇನ್ನೊಮ್ಮೆ. ಒಂದಕ್ಕಲ್ಲ, ಎಲ್ಲ ಹಂದಿಗೂ. ಜಂತುಹುಳುವಿನ ಔಷಧಿ ತಾಯಿಗೆ ಈಯಲು ಎರಡು ವಾರ ಇರುವಾಗ ಕೊಟ್ಟರೆ ಮರಿಗೂ ಒಳ್ಳೆಯದು. ಕಡಿದ ಹಂದಿಯ ಲಿವರ್ ಮೇಲೆ ಬಿಳಿ ಮಚ್ಚೆ ಕಂಡರೆ ನಿಮ್ಮ ಶೆಡ್ಡಿನಲ್ಲಿ ದುಂಡುಹುಳು ಇದೆ ಎಂದರ್ಥ.

ಲಾಡಿಹುಳು ಬೇರೆಯೇ ಕಥೆ, ಅದರಲ್ಲಿ ತಪ್ಪು ಹಂದಿಯದಲ್ಲ. ಆ ಹುಳು ಇರುವುದು ಮನುಷ್ಯನ ಕರುಳಿನಲ್ಲಿ, ಮೊಟ್ಟೆ ಬರುವುದು ಮನುಷ್ಯನ ಮಲದಲ್ಲಿ. ಬಯಲಿನ ಮಲ ತಿಂದ ಹಂದಿಯ ಮಾಂಸದಲ್ಲಿ ಅಕ್ಕಿಕಾಳು, ಬಟಾಣಿ ಗಾತ್ರದ ನೀರುಗುಳ್ಳೆಗಳು ಕಟ್ಟುತ್ತವೆ. ಸರಿಯಾಗಿ ಬೇಯದ ಆ ಮಾಂಸ ತಿಂದವರ ಕರುಳಿನಲ್ಲಿ ಮತ್ತೆ ಲಾಡಿಹುಳು ಬೆಳೆಯುತ್ತದೆ. ಅವರು ಕೈ ತೊಳೆಯದೆ ಅಡುಗೆ ಮಾಡಿದರೆ, ಅವರ ಮಲ ತರಕಾರಿ ಹೊಲಕ್ಕೆ ಸೇರಿದರೆ, ಆ ಮೊಟ್ಟೆ ಹಂದಿ ಮಾಂಸವನ್ನೇ ಮುಟ್ಟದವರ ಹೊಟ್ಟೆಗೂ ಹೋಗಿ ಮಿದುಳಿನಲ್ಲಿ ಗುಳ್ಳೆ ಕಟ್ಟುತ್ತದೆ. ಫಿಟ್ಸ್ ಬರುತ್ತದೆ. ಈ ರೋಗ ಹೆಚ್ಚಿರುವ ಊರುಗಳಲ್ಲಿ ಮೂರ್ಛೆ ರೋಗಿಗಳಲ್ಲಿ ಸುಮಾರು ಶೇಕಡ 30 ಮಂದಿಗೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಹಂದಿಯನ್ನು ಬೀದಿಗೆ ಬಿಡಬೇಡಿ, ಶೆಡ್ಡಿನ ಕೆಲಸದವರಿಗೆ ಶೌಚಾಲಯ ಕಟ್ಟಿಸಿಕೊಡಿ. ಹಂದಿಯ ಹುಳುಗುಳ್ಳೆಗೆ ಆಕ್ಸ್‌ಫೆಂಡಜೋಲ್ ಔಷಧಿ ಇದೆ, ಆದರೆ ಶೌಚಾಲಯ ಇಲ್ಲದೆ ಬರಿ ಔಷಧಿಯಿಂದ ಇದು ನಿಲ್ಲುವುದಿಲ್ಲ.

ಮಾಂಸಕ್ಕೆ ಕಳಿಸುವಾಗ

ಔಷಧಿ ಕೊಟ್ಟ ಹಂದಿಯನ್ನು ಲೇಬಲ್ಲಿನಲ್ಲಿ ಬರೆದ ದಿನ ಕಳೆಯುವ ತನಕ ಕಡಿಯಬಾರದು. ಐವರ್‌ಮೆಕ್ಟಿನ್‌ಗೆ 28 ದಿನ ಬಿಟ್ಟರೆ ಒಳ್ಳೆಯದು. ನೋಟ್‌ಬುಕ್ ಇಲ್ಲೂ ಬೇಕಾಗುತ್ತದೆ. ಜ್ವರ ಇರುವ ಹಂದಿಯನ್ನು ‘ಸಾಯುವ ಮೊದಲೇ ದುಡ್ಡು ಮಾಡ್ಕೊಳ್ಳೋಣ’ ಅಂತ ಕಡಿಯುವುದೇ ಊರಿಂದ ಊರಿಗೆ ರೋಗ ದಾಟಿಸುವ ಕೆಲಸ. ಕಸಾಯಿಯವರಿಗೆ ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಲೇಬೇಕು. ಮನೆಯಲ್ಲಿ ಅಡುಗೆ ಮಾಡುವವರು ಪಂದಿ ಕರಿಯೋ ಡುಕ್ರಾಮಾಸೋ ಏನೇ ಮಾಡಲಿ, ತುಂಡಿನ ನಡುವೆ ಕೆಂಪು ಉಳಿಯದ ಹಾಗೆ ಬೇಯಿಸಿ. ನಿಧಾನ ಉರಿಯಲ್ಲಿ ಬೇಯುವ ಆ ಅಡುಗೆಗಳಲ್ಲಿ ಚಿಂತೆ ಕಡಿಮೆ, ಕೆಂಡದ ಮೇಲೆ ಅರೆಬರೆ ಸುಡುವುದರಲ್ಲೇ ಜಾಸ್ತಿ.

ಒಂದಾದ ಮೇಲೊಂದು ಸಾಯತೊಡಗಿದರೆ

ಪಶು ಸಹಾಯವಾಣಿ 1962ಕ್ಕೆ ಅಥವಾ ನಿಮ್ಮ ಪಶು ಆಸ್ಪತ್ರೆಗೆ ಅದೇ ದಿನ ಫೋನ್ ಮಾಡಿ. ಸಾಂಕ್ರಾಮಿಕ ರೋಗ ಮುಚ್ಚಿಡುವುದು 2009ರ ಪ್ರಾಣಿ ರೋಗ ತಡೆ ಕಾಯ್ದೆಯ ಪ್ರಕಾರ ತಪ್ಪು. ಒಂದೂ ಹಂದಿ ಹೊರಗೆ ಹೋಗಬಾರದು, ಮಾರಬಾರದು, ಕಡಿಯಬಾರದು. ಸತ್ತದ್ದನ್ನು ನೀವೇ ಕೊಯ್ದು ನೋಡಬೇಡಿ, ರಕ್ತ ನೆಲಕ್ಕೆ ಬಿದ್ದರೆ ವೈರಸ್ ಅಲ್ಲೇ ಉಳಿಯುತ್ತದೆ. ಹಳ್ಳಕ್ಕೆ, ಕೆರೆಗೆ ಎಸೆಯಬೇಡಿ. ಡಾಕ್ಟರು ಬರುವ ತನಕ ಟಾರ್ಪಲ್ ಮುಚ್ಚಿ ನಾಯಿ, ಕಾಗೆ ಮುಟ್ಟದ ಹಾಗೆ ಇಡಿ. ಅವರು ಹೇಳಿದ ಜಾಗದಲ್ಲಿ ಆಳದ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಬೇಕು.

ಆಫ್ರಿಕನ್ ಜ್ವರ ಖಚಿತವಾದರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನು ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್ ತನಕ ನಿಗಾ ಇಡುತ್ತಾರೆ. ಕಣ್ಣೆದುರೇ ಸಾಕಿದ ಹಂದಿಗಳನ್ನು ಕೊಲ್ಲುವುದು ನೋಡಲಾಗದ ಸಂಕಟ, ಅದಕ್ಕೆ ಹೆದರಿಯೇ ಜನ ಮುಚ್ಚಿಡುತ್ತಾರೆ. ಆದರೆ ಸರ್ಕಾರದ ಪರಿಹಾರ ಸಿಗುವುದು ಇಲಾಖೆ ಕೊಂದ ಹಂದಿಗೆ. ಅದಕ್ಕೂ ಮೊದಲೇ ರೋಗದಿಂದ ಸತ್ತದ್ದಕ್ಕೆ ಸಿಗುವುದಿಲ್ಲ. ತಡ ಮಾಡಿದಷ್ಟೂ ಲೆಕ್ಕಕ್ಕೆ ಸಿಗುವ ಹಂದಿ ಕಮ್ಮಿ. ಹಂದಿಗಳ ಫೋಟೋ, ತೂಕ, ಖರೀದಿ ಚೀಟಿ ಮೊದಲೇ ಇಟ್ಟುಕೊಂಡಿರಿ.

ಮತ್ತೆ ಶುರು ಮಾಡುವುದಕ್ಕೆ ಆತುರ ಬೇಡ. ಸಗಣಿ, ಹುಲ್ಲು, ಮರದ ತೊಟ್ಟಿ ಸುಟ್ಟು, ನೆಲ ಗೋಡೆ ಉಜ್ಜಿ ತೊಳೆದು, ಕಾಸ್ಟಿಕ್ ಸೋಡಾ ಹೊಡೆದು ಶೆಡ್ ಖಾಲಿ ಬಿಡಿ. ಇಲಾಖೆ ಒಪ್ಪಿದ ಮೇಲೆ ಎರಡು ಮೂರು ಹಂದಿ ಮಾತ್ರ ತಂದು, ಶೆಡ್ಡಿನ ಪ್ರತಿ ಮೂಲೆಗೂ ಬಿಟ್ಟು, ಆರು ವಾರ ಶಾಖ ಅಳೆಯುತ್ತಾ ನೋಡಿ. ಅವುಗಳ ರಕ್ತ ಪರೀಕ್ಷೆಯೂ ಸರಿ ಬಂದ ಮೇಲೆ ಉಳಿದ ಹಂದಿಗಳಿಗೆ ಅಡ್ವಾನ್ಸ್ ಕೊಡಿ.